ಮೊಂತಿ ಹಬ್ಬದ ಊಟ: ಬಡಿಸುವವರಿಗೂ ಬಿಸಿ ಅನ್ನ ಸಿಗಲಿ

ಮೊಂತಿ ಹಬ್ಬ ಎಂದರೆ ಕರಾವಳಿಯ ಕ್ಯಾಥೋಲಿಕರು ಮಾತೆ ಮರಿಯಳ ಜನ್ಮದಿನವಾದ ಸೆಪ್ಟೆಂಬರ್ 8ರಂದು ಆಚರಿಸುವ ಹೊಸ ಬೆಳೆಯ ಹಬ್ಬ. ಅಂದು ಚರ್ಚಿನಿಂದ ಆಶೀರ್ವದಿಸಿದ ಭತ್ತದ ತೆನೆ ತಂದ ಮೇಲೆ ಮಾಡುವ ಕೆಲಸಕ್ಕೆ ಒಂದೆರಡು ಸಲಹೆ.

ಹೊಸ ಭತ್ತ ಹಸಿಯಾಗಿರುತ್ತದೆ. ಒರಳಿನಲ್ಲಿ ಜೋರಾಗಿ ಕುಟ್ಟಿದರೆ ಅಕ್ಕಿ ಹೊಟ್ಟಿಗೇ ಅಂಟಿಕೊಳ್ಳುತ್ತದೆ. ಉಗುರಿನಿಂದ ಸುಲಿಯುವುದೇ ಒಳ್ಳೆಯದು, ತಲೆಗೆ ಮೂರ್ನಾಲ್ಕು ಕಾಳು ಸಾಕು. ಹೊಟ್ಟಿನ ಚೂರು ಉಳಿದರೆ ಮಕ್ಕಳ ಗಂಟಲಿಗೆ ಚುಚ್ಚುತ್ತದೆ, ಎರಡು ಸಲ ನೋಡಿ. ಈ ಹೊಸ ಅಕ್ಕಿಯನ್ನು ಬೆರೆಸಲು ಎಂಟು ಜನರಿಗೆ ಅರ್ಧ ಲೋಟ ದಪ್ಪ ತೆಂಗಿನಹಾಲು, ಒಂದು ಚಮಚ ಬೆಲ್ಲದ ಪುಡಿ. ಹಾಲನ್ನು ಕುದಿಸಬೇಡಿ, ಒಡೆಯುತ್ತದೆ, ಬೆಚ್ಚಗಾದರೆ ಸಾಕು. ಪರಊರಿನಲ್ಲಿರುವವರಿಗೆ ಕಳಿಸಲು ಕೆಲವು ಕಾಳು ಒಣಗಿಸಿ ಮೊದಲೇ ತೆಗೆದಿಡಿ.

ಇನ್ನು ಬಡಿಸುವುದು. ಹೆಚ್ಚಿನ ಮನೆಗಳಲ್ಲಿ ಬೆಳಿಗ್ಗೆಯಿಂದ ಅಡುಗೆ ಮಾಡಿದ ಅಮ್ಮನೇ ಕೊನೆಗೆ ತಣ್ಣಗಿನ ಅನ್ನ, ತಳದ ಪಲ್ಯ ಉಣ್ಣುತ್ತಾರೆ. ಸೇವೆ ಒಬ್ಬರ ಪಾಲಿಗೇ ಬಿದ್ದರೆ ಅದು ಕುಟುಂಬದ ಸೇವೆ ಆಗುವುದಿಲ್ಲ. ಆದ್ದರಿಂದ ಪ್ರತಿಯೊಂದು ಬಗೆಯಲ್ಲೂ ಬಡಿಸುವವರ ಪಾಲನ್ನು ಮೊದಲೇ ಮುಚ್ಚಿಡಿ. ಈ ಸಲ ಅಪ್ಪ ಮತ್ತು ದೊಡ್ಡ ಮಗ ಬಡಿಸಲಿ, ಅಮ್ಮ ಅಜ್ಜಿಯ ಪಕ್ಕ ಮೊದಲ ಪಂಕ್ತಿಯಲ್ಲಿ ಕೂರಲಿ. ಚಿಕ್ಕ ಮಕ್ಕಳಿಗೆ ಉಪ್ಪು, ಉಪ್ಪಿನಕಾಯಿ, ನೀರು ಒಪ್ಪಿಸಿ. ಬಿಸಿ ಸಾರಿನ ಪಾತ್ರೆ ಬೇಡ.

ಎಲೆಯ ತುದಿ ಉಣ್ಣುವವರ ಎಡಕ್ಕಿರಲಿ. ಪಲ್ಯಗಳನ್ನು ಬಡಿಸಿ, ಪ್ರಾರ್ಥನೆ ಮಾಡಿ, ಮನೆಯ ಹಿರಿಯರು ಹೊಸ ಅಕ್ಕಿಯ ಹಾಲನ್ನು ಎಲ್ಲರಿಗೂ ಕೊಟ್ಟಾದ ಮೇಲೆಯೇ ಅನ್ನ, ಸಾರು ತನ್ನಿ. ಮೊದಲೇ ಹಾಕಿದರೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಆರಿರುತ್ತದೆ, ಮಕ್ಕಳ ಕೈಯೂ ಎಲೆಗೆ ಹೋಗಿರುತ್ತದೆ.