ಏಕಾದಶಿಯ ಹಸಿವೆಯನ್ನು ದಶಮಿಯಂದೇ ಹಿಡಿಯಬೇಕು

ಕೆಲಸಕ್ಕೆ ಹೋಗುವವರಿಗೆ ನಿರ್ಜಲ ಏಕಾದಶಿ ಆಗದ ಮಾತು ಎಂದವರೇ ಹೆಚ್ಚು. ಕಳೆದ ವರ್ಷದ ನನ್ನ 24 ಏಕಾದಶಿಗಳಲ್ಲಿ 21 ಅಥವಾ 22 ಗುಟುಕು ನೀರಿಲ್ಲದೆ ಮುಗಿದವು, ಜಪವೂ ತಪ್ಪಲಿಲ್ಲ. ದಿನತ್ರಯದ, ಅಂದರೆ ಮೂರು ದಿನದ ವ್ರತದ, ನಿಯಮ ಇಷ್ಟು: ದಶಮಿ ರಾತ್ರಿ, ಏಕಾದಶಿ ಎರಡು ಹೊತ್ತು, ದ್ವಾದಶಿ ರಾತ್ರಿ, ಹೀಗೆ ನಾಲ್ಕು ಊಟ ಬಿಡಬೇಕು. ದಶಮಿಯ ಹನ್ನೆರಡೂವರೆಗೆ ಎಲೆಯಿಂದ ಎದ್ದರೆ ದ್ವಾದಶಿ ಬೆಳಿಗ್ಗೆ ಆರೂವರೆಯ ಪಾರಣೆಗೆ, ಅಂದರೆ ಉಪವಾಸ ಬಿಡುವ ಊಟಕ್ಕೆ, 42 ಗಂಟೆ. ರಾತ್ರಿ ಒಂಬತ್ತೂವರೆಗೆ ನೀರು ಬಿಟ್ಟರೆ ಅದು 33 ಗಂಟೆ.

ಮೊದಲ ಒಂದೂವರೆ ವರ್ಷ ಕೆಟ್ಟದ್ದು ಕಾಫಿಯಿಂದ. ಏಕಾದಶಿ ಹತ್ತು ಗಂಟೆಗೆ ಹಣೆ ಸಿಡಿಯಲು ಶುರು, ಜಪಮಾಲೆ ಹಿಡಿಯಲೂ ಆಗದು. ಹಸಿವೆಯ ತಲೆನೋವೆಂದು ಹಣ್ಣು, ಹಾಲು ತೆಗೆದುಕೊಂಡರೂ ನಿಲ್ಲಲಿಲ್ಲ. ಕೆಫೀನ್ ನಿಂತ 12ರಿಂದ 24 ಗಂಟೆಯೊಳಗೆ ಈ ನೋವು ಏಳುತ್ತದೆ, ಎರಡನೆಯ ದಿನ ಜೋರಾಗುತ್ತದೆ. ಅಷ್ಟಮಿ, ನವಮಿಗೆ ಕಡಿಮೆ ಮಾಡಿದರೆ ಸಾಲದು, ಚಟವನ್ನೇ ಇಳಿಸಬೇಕು. ನಾಲ್ಕು ಲೋಟವನ್ನು ವಾರಕ್ಕೆ ಅರ್ಧ ಲೋಟದಂತೆ ಕಡಿಮೆ ಮಾಡುತ್ತ ಏಳು ವಾರಕ್ಕೆ ಬೆಳಗಿನ ಅರ್ಧ ಲೋಟಕ್ಕೆ ತಂದೆ. ಆಮೇಲೆ ತಲೆ ಸಿಡಿದದ್ದಿಲ್ಲ.

ಇನ್ನೊಂದು ನಷ್ಟ ಫಲಾಹಾರದ್ದು. ಸಾಬಕ್ಕಿ, ಗೋಡಂಬಿ, ದ್ರಾಕ್ಷಿ, ಹಣ್ಣು ಎಂದು ಒಂದು ಏಕಾದಶಿಗೆ ಮುನ್ನೂರು ರೂಪಾಯಿಯವರೆಗೂ ಹೋಗುತ್ತಿತ್ತು. ಹಸಿವೆ ತಡೆಯುವ ಚೂರ್ಣಕ್ಕೆಂದು ಮತ್ತೆ ಎಂಟೊಂಬತ್ತು ನೂರು ಹಾಳು. ದುಡ್ಡಿಗಿಂತ ದೊಡ್ಡ ಹಾನಿಯೆಂದರೆ ದಿನವಿಡೀ ಮನಸ್ಸು ಅಡುಗೆಮನೆಯಲ್ಲೇ ಇರುತ್ತದೆ. ನಿರಾಹಾರಿಯಿಂದ ಇಂದ್ರಿಯದ ವಿಷಯಗಳು ದೂರ ಸರಿದರೂ ಅವುಗಳ ರಸ, ಅಂದರೆ ಆಸೆ, ಉಳಿಯುತ್ತದೆ ಎಂಬ ಗೀತೆಯ ಮಾತು (2.59) ಫಲಾಹಾರ ಮಾಡುವವರಿಗೆ ಬೇಗ ಅರ್ಥವಾಗುತ್ತದೆ.

ಎಲ್ಲ ನಿಂತಿರುವುದು ದಶಮಿಯ ಊಟದ ಮೇಲೆ. ನಾಳೆಗೂ ಸೇರಿಸಿ ಉಂಡರೆ ಹೊಟ್ಟೆ ಭಾರವಾಗಿ ನಿದ್ದೆ ಕೆಡುತ್ತದೆ, ಮರುದಿನದ ಹಸಿವೆಯೇನೂ ತಗ್ಗುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡವೇ ಬೇಡ. ಆ ಉಪ್ಪು ನಡುರಾತ್ರಿ ಬಾಯಾರಿಕೆಯಾಗಿ ಏಳುತ್ತದೆ. ಅನ್ನ, ಹೆಸರುಬೇಳೆ ತೊವ್ವೆ, ಎರಡು ಚಮಚ ತುಪ್ಪ, ಕೊನೆಗೆ ಮಜ್ಜಿಗೆ ಅನ್ನ, ಅಷ್ಟೇ. ನೀರನ್ನು ರಾತ್ರಿ ಒಂದೇ ಸಲ ಲೀಟರುಗಟ್ಟಲೆ ಕುಡಿದರೆ ಮೂತ್ರಕ್ಕೆ ಏಳುವುದಷ್ಟೇ ಲಾಭ. ಎರಡು ಗಂಟೆಯಿಂದ ಗಂಟೆಗೊಂದು ಲೋಟದಂತೆ ಸುಮಾರು ಎರಡು ಲೀಟರು ಇಳಿಯಬೇಕು.

ಏಕಾದಶಿಯ ಹಸಿವೆ ದಿನವಿಡೀ ಇರುವುದಿಲ್ಲ. ದೇಹಕ್ಕೆ ರೂಢಿಯಾದ ಊಟದ ಹೊತ್ತಿಗೆ, ಅಂದರೆ ಎಂಟಕ್ಕೆ, ಒಂದಕ್ಕೆ, ರಾತ್ರಿ ಮತ್ತೆ ಎಂಟಕ್ಕೆ ಏರುತ್ತದೆ. ಉಣ್ಣದಿದ್ದರೂ ಅರ್ಧ ಮುಕ್ಕಾಲು ಗಂಟೆಯಲ್ಲಿ ಇಳಿಯುತ್ತದೆ. ಅದರೊಡನೆ ಗುದ್ದಾಡುವ ಬದಲು, ಹಸಿವೆ ಏಳುವ ಹದಿನೈದು ನಿಮಿಷ ಮುಂಚೆ ಜಪಕ್ಕೆ ಕೂತರೆ ಏರಿಳಿತವೆಲ್ಲ ಮಾಲೆಯೊಳಗೇ ಕಳೆಯುತ್ತದೆ. ಬಾಯಿ ಒಣಗಿದಾಗ ಮಾನಸ ಜಪ. ಸಂಜೆ ನಾಲ್ಕರ ಮೇಲೆ ನಮಸ್ಕಾರ ಹಾಕಬೇಡಿ. ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಕಟ್ಟುತ್ತದೆ. ಹಗಲು ನಿದ್ದೆ ಕೂಡದು, ಎರಡೂವರೆಗೆ ತೂಕಡಿಕೆ ಬಂದರೆ ನಿಂತು ಪಾರಾಯಣ ಮಾಡಬೇಕು.

ಕಾಮದ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂರು ರಾತ್ರಿಯ ಬ್ರಹ್ಮಚರ್ಯದಲ್ಲಿ ಏಕಾದಶಿ ಸುಲಭದ್ದು. ಹಸಿದ ದೇಹಕ್ಕೆ ಅದರ ನೆನಪು ಕಡಿಮೆ. ಜಾರುವುದು ದ್ವಾದಶಿ ರಾತ್ರಿ: ಹೊಟ್ಟೆ ತುಂಬಿದೆ, ವ್ರತ ಮುಗಿಯಿತೆಂಬ ಸಡಿಲವೂ ಇದೆ. ಆ ರಾತ್ರಿಯ ಊಟ ಬಿಡುವುದಕ್ಕೆ ಇರುವ ಬೆಲೆ ಇಲ್ಲೇ ಗೊತ್ತಾಗುವುದು. ಗಂಡಹೆಂಡತಿ ಮೊದಲೇ ಮಾತಾಡಿಕೊಂಡು ಇಬ್ಬರೂ ಒಪ್ಪಬೇಕು, ಒಬ್ಬರ ವ್ರತ ಇನ್ನೊಬ್ಬರಿಗೆ ಶಿಕ್ಷೆಯಾಗಬಾರದು. ಇನ್ನೊಂದು ಉಪಾಯವೂ ಉಂಟು. ಅದನ್ನು ಬರೆಯುವುದಿಲ್ಲ, ಅವರವರ ಗುರುಗಳ ಬಾಯಿಂದಲೇ ಕೇಳಬೇಕು.

ನಡುವೆ ಒಂದು ಪ್ರಯೋಗ ತಾನಾಗಿ ಆಯಿತು. ಮಳೆಗಾಲದ ನಾಲ್ಕು ತಿಂಗಳ ವ್ರತವಾದ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ, ಅದರಲ್ಲಿ ತರಕಾರಿ, ಮೆಣಸಿನಕಾಯಿ, ಹುಣಸೆ ಇಲ್ಲ. ಕಾಳುಮೆಣಸು, ಜೀರಿಗೆ, ಮಾವಿನ ಪುಡಿಯಲ್ಲೇ ಅಡುಗೆ. ಮೂರನೆಯ ವಾರಕ್ಕೆ ನಾಲಿಗೆ ತಣ್ಣಗಾಗುತ್ತದೆ, ಆ ತಿಂಗಳ ಏಕಾದಶಿಗಳೇ ವರ್ಷದಲ್ಲಿ ಹಗುರ. ಇದನ್ನು ನೋಡಿ ಉಳಿದ ತಿಂಗಳು ನವಮಿಯಿಂದ ಖಾರ ಬಿಟ್ಟದ್ದುಂಟು. ಅರ್ಧದಷ್ಟು ಫಲ ಸಿಕ್ಕಿತು.

ಪಾರಣೆಯಲ್ಲಿ ಆತುರ ಬೇಡ. ಹರಿವಾಸರ, ಅಂದರೆ ದ್ವಾದಶಿ ತಿಥಿಯ ಮೊದಲ ಕಾಲು ಭಾಗ, ಕಳೆದ ಮೇಲೆ ತೀರ್ಥ, ಆಮೇಲೆ ತೆಳು ಗಂಜಿ, ಕಾಲು ಗಂಟೆ ಬಿಟ್ಟು ಅಗಸೆ ಸೊಪ್ಪು, ನೆಲ್ಲಿಕಾಯಿಯೊಡನೆ ಅನ್ನ, ಅದೂ ದಿನನಿತ್ಯ ಉಣ್ಣುವುದರ ಅರ್ಧದಷ್ಟು. ಮೊದಲೇ ಕಾಫಿ ಹೊಯ್ದರೆ ಎದೆಯುರಿ, ಒಮ್ಮೆಲೇ ತುಂಬಿದರೆ ವಾಂತಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ಕಲ್ಲಿನವರು, ಗರ್ಭಿಣಿಯರು ನಿರ್ಜಲಕ್ಕೆ ಕೈಹಾಕಬಾರದು. ತಪ್ಪಿದ ಎರಡು ಮೂರು ಏಕಾದಶಿಗಳೂ ಬಿಸಿಲಲ್ಲಿ ಪ್ರಯಾಣ ಬಿದ್ದ ದಿನಗಳು. ಅವತ್ತು ನೀರು ಕುಡಿದೆ. ಪ್ರಯಾಣಕ್ಕೆ ಸರಿಹೋಗುವ ದಾರಿ ಇನ್ನೂ ಸಿಕ್ಕಿಲ್ಲ.