ಆ್ಯಂಟಿಬಯೋಟಿಕ್‌ನ ಕೊಲ್ಲುವ ಶಕ್ತಿಯನ್ನು ಕೋಶದ ಸ್ಥಿತಿಯೊಂದಿಗೆ ಅಳೆಯುವ ವಿಧಾನ

ತುಮಕೂರು ಜಿಲ್ಲೆಯ ಕಾಲೇಜುಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುವವರಿಗೆ ಆ್ಯಂಟಿಬಯೋಟಿಕ್ ಪರೀಕ್ಷೆಯೆಂದರೆ ಸಾಮಾನ್ಯವಾಗಿ ಔಷಧ ಹೀರಿದ ಕಾಗದದ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಸ್ಕೇಲಿನಲ್ಲಿ ಅಳೆಯುವುದು. ಆ ವಲಯವು ಬೆಳವಣಿಗೆ ನಿಂತಿದೆ ಎನ್ನುತ್ತದೆಯೇ ಹೊರತು ಎಷ್ಟು ಕೋಶಗಳು ಸತ್ತವೆಂದು ಹೇಳುವುದಿಲ್ಲ. ಸಾವನ್ನು ಅಳೆಯಬೇಕಾದರೆ, ಔಷಧ ಬೀಳುವ ಹೊತ್ತಿಗೆ ಬ್ಯಾಕ್ಟೀರಿಯಾ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ಔಷಧದ ಪ್ರಮಾಣದಷ್ಟೇ ಖಚಿತವಾಗಿ ನಿಗದಿ ಮಾಡಿಕೊಳ್ಳಬೇಕು.

ಪೆನಿಸಿಲಿನ್ ಬಗೆಯ ಔಷಧಗಳು ಕೋಶಭಿತ್ತಿಯ ನಿರ್ಮಾಣವನ್ನು ಕೆಡಿಸುತ್ತವೆ. ಭಿತ್ತಿ ಕಟ್ಟುವುದನ್ನೇ ನಿಲ್ಲಿಸಿದ ಕೋಶದಲ್ಲಿ ಕೆಡಿಸಲು ಹೆಚ್ಚೇನೂ ಉಳಿದಿರುವುದಿಲ್ಲ. 1944ರಲ್ಲಿ ಸೂಕ್ಷ್ಮಜೀವಿಶಾಸ್ತ್ರಜ್ಞ ಜೋಸೆಫ್ ಬಿಗ್ಗರ್ ಅವರು ಪೆನಿಸಿಲಿನ್‌ನಿಂದ ತಪ್ಪಿಸಿಕೊಂಡು ಉಳಿದ ಕೆಲವೇ ಸ್ಟೆಫೈಲೊಕಾಕಸ್ ಕೋಶಗಳನ್ನು ‘ಪರ್ಸಿಸ್ಟರ್’ ಎಂದು ಕರೆದರು. ಅವುಗಳ ಸಂತತಿ ಮತ್ತೆ ಪೆನಿಸಿಲಿನ್‌ಗೆ ಬಲಿಯಾಗುತ್ತಿದ್ದುದರಿಂದ ಅದು ನಿರೋಧಕತೆಯಾಗಿರಲಿಲ್ಲ.

ಪರೀಕ್ಷೆಗೆ ಇ. ಕೋಲೈ ಬ್ಯಾಕ್ಟೀರಿಯಾದ ಪ್ರಯೋಗಾಲಯದ ತಳಿಯಾದ ಕೆ-12 ಸಾಕು. ರೋಗಿಗಳಿಂದ ಬಂದ ತಳಿಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಬಾರದು. ಆಯ್ದ ತಳಿಯಲ್ಲಿ ಪೆನಿಸಿಲಿನ್ ಬಗೆಯದೇ ಆದ ಆ್ಯಂಪಿಸಿಲಿನ್ ಔಷಧಕ್ಕೆ ನಿರೋಧಕತೆ ಕೊಡುವ ಪ್ಲಾಸ್ಮಿಡ್ (ಕೋಶದೊಳಗಿನ ಡಿಎನ್‌ಎಯ ಸಣ್ಣ ಉಂಗುರ) ಇಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಅದನ್ನು ಬ್ರಾತ್ ಎಂಬ ಪೋಷಕ ದ್ರವದಲ್ಲಿ 37 ಡಿಗ್ರಿಯಲ್ಲಿ ಶೇಕರ್ (ಅಲುಗಾಡಿಸುವ ಯಂತ್ರ) ಮೇಲೆ ರಾತ್ರಿಯಿಡೀ ಬೆಳೆಸಿದರೆ ಸ್ಥಿರ ಹಂತದ, ಅಂದರೆ ಆಹಾರ ಮುಗಿದು ಬೆಳವಣಿಗೆ ನಿಂತ, ಕೋಶಗಳು ದೊರೆಯುತ್ತವೆ. ಅದರಲ್ಲಿ ಒಂದು ಪಾಲನ್ನು ಬೆಚ್ಚಗಿನ ಹೊಸ ಬ್ರಾತ್‌ನ ನೂರು ಪಾಲಿಗೆ ಬೆರೆಸಿ ಸುಮಾರು ಎರಡು ಗಂಟೆ ಬೆಳೆಸಿದರೆ ಬಿರುಸಾಗಿ ವಿಭಜಿಸುತ್ತಿರುವ ಕೋಶಗಳು ಸಿಗುತ್ತವೆ.

ಹೆಚ್ಚಿನ ಪ್ರಯೋಗಗಳು ಹಾಳಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸ್ಥಿರ ಹಂತದ ಕೋಶಗಳನ್ನು ಹೊಸ ಬ್ರಾತ್‌ಗೆ ಹಾಕಿದರೆ ಅವು ಸ್ವಲ್ಪ ಹೊತ್ತಿನಲ್ಲೇ ಎಚ್ಚೆತ್ತು ಬೆಳೆಯತೊಡಗುತ್ತವೆ. ಆಮೇಲೆ ಆ್ಯಂಪಿಸಿಲಿನ್ ಅವನ್ನು ಕೊಂದರೆ, ಸತ್ತದ್ದು ಬೆಳೆಯುವ ಕೋಶವೇ. ಆದ್ದರಿಂದ ರಾತ್ರಿಯ ಕಲ್ಚರನ್ನು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿಟ್ಟುಕೊಂಡು, ಆ ಬಳಸಿದ ಬ್ರಾತ್‌ನಲ್ಲೇ ಸ್ಥಿರ ಹಂತದ ಕೋಶಗಳನ್ನು ತೆಳುಗೊಳಿಸಬೇಕು. ಎರಡೂ ಬಗೆಯ ಕೋಶಗಳ ಸಂಖ್ಯೆಯನ್ನು ಮಿಲಿಲೀಟರಿಗೆ ಸುಮಾರು ಹತ್ತು ಲಕ್ಷಕ್ಕೆ ಸರಿದೂಗಿಸಿ, ಔಷಧವಿಲ್ಲದ ಒಂದೊಂದು ಫ್ಲಾಸ್ಕನ್ನು ಜೊತೆಗಿಡಿ. ಬಳಸಿದ ಬ್ರಾತ್‌ನ ಔಷಧರಹಿತ ಫ್ಲಾಸ್ಕಿನಲ್ಲಿ ಸಂಖ್ಯೆ ಏರುತ್ತಿದ್ದರೆ ಅಲ್ಲಿ ಇನ್ನೂ ಆಹಾರ ಉಳಿದಿದೆ ಎಂದರ್ಥ. ಆ ಫಲಿತಾಂಶವನ್ನು ಬಿಟ್ಟುಬಿಡಿ.

ಆ್ಯಂಪಿಸಿಲಿನ್ ಅನ್ನು ಮಿಲಿಲೀಟರಿಗೆ 100 ಮೈಕ್ರೋಗ್ರಾಂ, ಮತ್ತೊಂದು ಸಾಲಿನಲ್ಲಿ ಸಿಪ್ರೊಫ್ಲಾಕ್ಸಸಿನ್ ಅನ್ನು 1 ಮೈಕ್ರೋಗ್ರಾಂ ಆಗುವಂತೆ ಸೇರಿಸಿ. ಗಂಟೆಗೊಮ್ಮೆ ನಾಲ್ಕು ಗಂಟೆಯವರೆಗೆ ಮಾದರಿ ತೆಗೆದು, ಸೆಂಟ್ರಿಫ್ಯೂಜ್ ಮಾಡಿ ಸಲೈನ್‌ನಲ್ಲಿ ತೊಳೆದು, ಹತ್ತು ಪಟ್ಟಿನ ತೆಳುಗೊಳಿಕೆಯಲ್ಲಿ ತಟ್ಟೆಗಳಿಗೆ ಹರಡಿ. ತೊಳೆಯದಿದ್ದರೆ ಉಳಿದ ಔಷಧ ತಟ್ಟೆಯ ಮೇಲೂ ಕೆಲಸ ಮಾಡಿ ಸಾವಿನ ಲೆಕ್ಕವನ್ನು ಉಬ್ಬಿಸುತ್ತದೆ. 30ರಿಂದ 300 ಕಾಲೊನಿಗಳಿರುವ (ಬದುಕುಳಿದ ಒಂದೊಂದು ಕೋಶದಿಂದ ಬೆಳೆದ ಚುಕ್ಕೆಗಳಿರುವ) ತಟ್ಟೆಗಳನ್ನು ಎಣಿಸಿ. ತಡವಾಗಿ ಏಳುವ ಕೋಶಗಳಿಗಾಗಿ 48 ಗಂಟೆಯಲ್ಲಿ ಮತ್ತೊಮ್ಮೆ ನೋಡಿ. ಬದುಕುಳಿದ ಕೋಶಗಳ ಸಂಖ್ಯೆಯನ್ನು ಸಮಯದ ಎದುರು ರೇಖೆಯಾಗಿ ಬಿಡಿಸಿದರೆ, ಬೆಳೆಯುವ ಕೋಶಗಳಲ್ಲಿ ಆ್ಯಂಪಿಸಿಲಿನ್‌ನ ರೇಖೆ ಕಡಿದಾಗಿ ಇಳಿದು, ಸ್ಥಿರ ಹಂತದಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿರುವುದನ್ನು ನಿರೀಕ್ಷಿಸಬಹುದು. ಡಿಎನ್‌ಎಗೆ ಹಾನಿ ಮಾಡುವ ಸಿಪ್ರೊಫ್ಲಾಕ್ಸಸಿನ್ ಸ್ಥಿರ ಹಂತದ ಕೋಶಗಳನ್ನೂ ಒಂದಿಷ್ಟು ಕೊಲ್ಲುತ್ತದೆ, ಆದರೆ ನಿಧಾನವಾಗಿ.

ಜೆಂಟಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಪರೀಕ್ಷಿಸುವವರಿಗೆ ನಮ್ಮ ಕಡೆಯ ಎರಡು ತೊಡಕುಗಳಿವೆ. ಈ ಔಷಧ ಕೋಶದೊಳಗೆ ಹೋಗಲು ಉಸಿರಾಟದಿಂದ ಕೋಶಪೊರೆಯಲ್ಲಿ ಉಂಟಾಗುವ ವಿದ್ಯುತ್ ವಿಭವ ಬೇಕು. ಕರೆಂಟು ಹೋಗಿ ಶೇಕರ್ ನಿಂತರೆ ಆಮ್ಲಜನಕ ಕಡಿಮೆಯಾಗಿ ಔಷಧದ ಹೊಡೆತವೂ ಕುಗ್ಗುತ್ತದೆ. ಎರಡನೆಯದು ನೀರು. ಪಾವಗಡ, ಶಿರಾ ಕಡೆಯ ಗಡುಸಾದ ಬೋರ್‌ವೆಲ್ ನೀರಿನಲ್ಲಿ ಬ್ರಾತ್ ತಯಾರಿಸಿದರೆ ಅದರ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು ಔಷಧವು ಕೋಶದ ಹೊರಪೊರೆಗೆ ಅಂಟುವುದಕ್ಕೆ ಅಡ್ಡಿಯಾಗುತ್ತವೆ. ಡಿಸ್ಟಿಲ್ಡ್ ನೀರನ್ನೇ ಬಳಸಿ.

ಸಮಯವಿದ್ದರೆ ಇನ್ನೊಂದು ಫ್ಲಾಸ್ಕ್ ಸೇರಿಸುವುದು ಯೋಗ್ಯ. ಬೆಳೆಯುವ ಕೋಶಗಳಿಗೆ ಮೊದಲು ಪ್ರೋಟೀನ್ ತಯಾರಿಕೆಯನ್ನು ತಡೆಯುವ ಕ್ಲೋರಾಂಫೆನಿಕಾಲ್ ಹಾಕಿ, ಅರ್ಧ ಗಂಟೆಯ ನಂತರ ಆ್ಯಂಪಿಸಿಲಿನ್ ಸೇರಿಸಿ. ಪ್ರೋಟೀನ್ ತಯಾರಿಕೆ ನಿಂತು ಬೆಳವಣಿಗೆ ಸ್ಥಗಿತಗೊಂಡಿರುವುದರಿಂದ, ಆ್ಯಂಪಿಸಿಲಿನ್ ಒಂದೇ ಇದ್ದ ಫ್ಲಾಸ್ಕಿಗಿಂತ ಎರಡು ಔಷಧಗಳಿರುವ ಈ ಫ್ಲಾಸ್ಕಿನಲ್ಲೇ ಹೆಚ್ಚು ಕೋಶಗಳು ಬದುಕಿರುತ್ತವೆ.