ಕರಾವಳಿಯಿಂದ ಶಿರಸಿಯವರೆಗೆ ಕ್ರೋಶಾ ದಾರದೊಂದಿಗೆ: ಕೊಳ್ಳುವ, ಹೆಣೆಯುವ, ಕಾಪಾಡುವ ಕ್ರಮ

ಉತ್ತರ ಕನ್ನಡದ ಊರುಗಳಲ್ಲಿ ಕ್ರೋಶಾ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ಹೆಣೆಯುವ ಕೆಲಸ, ಅದರ ದಾರಕ್ಕೆಂದೇ ಮೀಸಲಾದ ಅಂಗಡಿಯನ್ನು ಹುಡುಕುವುದಕ್ಕಿಂತ, ಗುಂಡಿ, ಜಿಪ್, ಲೇಸು, ಸೀರೆಯ ಫಾಲ್ಸ್ ಮಾರುವ ಟೇಲರಿಂಗ್ ಸಾಮಾನಿನ ಅಂಗಡಿಗಳಲ್ಲಿಯೂ ಪೇಟೆಯ ಫ್ಯಾನ್ಸಿ ಸ್ಟೋರುಗಳಲ್ಲಿಯೂ ವಿಚಾರಿಸುವುದು ಹೆಚ್ಚು ಫಲಕಾರಿ. ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಎಲ್ಲಿಯೇ ಆಗಲಿ, ಕಪಾಟಿನ ಮೇಲಿನ ಸಾಲಿನಲ್ಲಿ ಜೋಡಿಸಿಟ್ಟ ಉಂಡೆಗಳನ್ನು ಕೆಳಗಿಳಿಸಿ ತೋರಿಸುವಂತೆ ಸಂಕೋಚವಿಲ್ಲದೆ ಕೇಳಬೇಕು. ಆದರೆ ಪ್ರವಾಸದಲ್ಲಿ ದಾರ ಕೊಳ್ಳುವವರಿಗೆ ಊರಿನ ಗಿರಾಕಿಗಿಲ್ಲದ ಒಂದು ತೊಡಕಿದೆ. ದಾರ ಕಡಿಮೆ ಬಿದ್ದರೆ ಮರುದಿನ ಅದೇ ಅಂಗಡಿಗೆ ಹೋಗಿ ಮತ್ತೊಂದು ಉಂಡೆ ತರಲು ಅವರಿಗೆ ಸಾಧ್ಯವಾಗುವುದಿಲ್ಲ. ಆದ್ದರಿಂದ ಬಣ್ಣಕ್ಕೆ ಮನಸೋಲುವ ಮೊದಲು ಏನು ಹೆಣೆಯಬೇಕು, ಅದಕ್ಕೆ ಎಷ್ಟು ದಾರ ಬೇಕು ಎಂಬುದನ್ನು ಲೆಕ್ಕ ಹಾಕಿಕೊಳ್ಳಬೇಕು.

ಈ ಲೆಕ್ಕಕ್ಕೆ ನಾನು ನಂಬುವ ವಿಧಾನವೆಂದರೆ ಮೊದಲು ಒಂದೇ ಉಂಡೆ ಕೊಂಡು, ಆ ಸಂಜೆ ಉಳಿದುಕೊಂಡಲ್ಲಿಯೇ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದು ಮಾದರಿ ತುಂಡನ್ನು ಹೆಣೆದು ನೋಡುವುದು. ಅನಂತರ ಅದನ್ನು ಬಿಚ್ಚಿ, ಅದಕ್ಕೆ ಹಿಡಿದ ದಾರದ ಉದ್ದವನ್ನು ಅಳೆಯಬೇಕು. ಟೇಪು ಜೊತೆಯಲ್ಲಿಲ್ಲದಿದ್ದರೆ ಮೊಳದಿಂದಲೂ ಅಳೆಯಬಹುದು. ತನ್ನ ಮೊಳ ಎಷ್ಟು ಸೆಂಟಿಮೀಟರ್ ಎಂಬುದನ್ನು ಮನೆಯಲ್ಲಿಯೇ ಒಮ್ಮೆ ನೋಡಿಟ್ಟುಕೊಂಡರಾಯಿತು. ಉದಾಹರಣೆಗೆ ಆ ತುಂಡಿಗೆ 12 ಮೀಟರ್ ದಾರ ಹಿಡಿದಿದೆ ಎಂದುಕೊಳ್ಳೋಣ. 30 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ಮೇಜಿನ ಹಾಸಿನಲ್ಲಿ ಅಂತಹ 36 ತುಂಡುಗಳ ಜಾಗವಿರುವುದರಿಂದ 432 ಮೀಟರ್ ಬೇಕಾಗುತ್ತದೆ. ಅಂಚಿಗೂ ಪೋಲಾಗುವುದಕ್ಕೂ ಶೇ 10ರಷ್ಟು ಸೇರಿಸಿದರೆ ಸುಮಾರು 475 ಮೀಟರ್. ಒಂದು ಉಂಡೆಯಲ್ಲಿ 110 ಮೀಟರ್ ಇದೆಯೆಂದು ಲೇಬಲಿನಲ್ಲಿದ್ದರೆ ಒಟ್ಟು ಐದು ಉಂಡೆ ಬೇಕು. ಒಂದು ಕೈಯಲ್ಲಿಯೇ ಇದೆ, ಮರುದಿನ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಉಳಿದ ನಾಲ್ಕನ್ನು ತಂದರೆ ಸಾಕು. ಬಿಚ್ಚಿದ ದಾರವನ್ನೂ ಎಸೆಯಬೇಕಾಗಿಲ್ಲ.

ಆ ನಾಲ್ಕು ಉಂಡೆಗಳನ್ನು ಕೊಳ್ಳುವಾಗ ಲೇಬಲಿನ ಮೇಲಿರುವ ಲಾಟ್ ಸಂಖ್ಯೆಯನ್ನು ಮೊದಲಿನ ಉಂಡೆಯ ಸಂಖ್ಯೆಯೊಂದಿಗೆ ಹೋಲಿಸಲೇಬೇಕು. ಬಣ್ಣದ ಸಂಖ್ಯೆ ಒಂದೇ ಆಗಿದ್ದರೂ ಬೇರೆ ಬೇರೆ ಸಲ ಬಣ್ಣದಲ್ಲಿ ಅದ್ದಿದ ದಾರಗಳ ಛಾಯೆಯಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದು ಕಾಣದಿದ್ದರೂ ಹೆಣೆದ ಮೇಲೆ ಹಾಸಿನ ನಡುವೆ ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಒಂದೇ ಲಾಟಿನ ಉಂಡೆಗಳು ಸಾಲದಿದ್ದಾಗ, ಎರಡು ಲಾಟಿನ ದಾರಗಳನ್ನು ಒಂದು ಸಾಲು ಇದರಲ್ಲಿ, ಮುಂದಿನ ಸಾಲು ಅದರಲ್ಲಿ ಎಂದು ಬದಲಾಯಿಸುತ್ತ ಹೆಣೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ.

ಇನ್ನು ಯಾವ ದಾರ ಎಂಬ ಪ್ರಶ್ನೆ. ಇಲ್ಲಿ ಊರಿನ ಹವೆಯೇ ಮುಖ್ಯವೆಂದು ನಾನು ದೃಢವಾಗಿ ನಂಬುತ್ತೇನೆ. ಸಾಮಾನ್ಯ ಹವೆಯಲ್ಲಿ ಹತ್ತಿಯು ತನ್ನ ತೂಕದ ಸುಮಾರು ಶೇ 8ರಷ್ಟು ತೇವವನ್ನೂ ಉಣ್ಣೆಯು ಶೇ 16ರಷ್ಟು ತೇವವನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಕೃತಕ ದಾರವಾದ ಅಕ್ರಿಲಿಕ್ ಹಿಡಿಯುವುದು ಶೇ 2ರ ಆಸುಪಾಸು ಮಾತ್ರ. ಬೆವರನ್ನು ಹೀರದ ಅಕ್ರಿಲಿಕ್ಕಿನಲ್ಲಿ ಕಾರವಾರದ ಮಗುವಿಗೆ ಟೊಪ್ಪಿ ಹೆಣೆದರೆ, ಎಷ್ಟೇ ಮೃದುವಾಗಿದ್ದರೂ ಆ ಮಗು ಅದನ್ನು ತಲೆಯ ಮೇಲೆ ಇಟ್ಟುಕೊಳ್ಳುವುದಿಲ್ಲ. ಮೈಗೆ ತಾಗುವ ಬಟ್ಟೆ, ಕೈಚೀಲ, ಮೇಜಿನ ಹಾಸು ಇವಕ್ಕೆ ಕರಾವಳಿಯಲ್ಲಿ ಹತ್ತಿಯೇ ಸರಿ. ಬಾಗಿಲಿನ ತೋರಣಕ್ಕೆ ಮಾತ್ರ ಅಕ್ರಿಲಿಕ್ ಒಳ್ಳೆಯದು, ಏಕೆಂದರೆ ಅದು ಬಿಸಿಲಿಗೆ ಬೇಗ ಬಣ್ಣಗೆಡುವುದಿಲ್ಲ, ಒದ್ದೆಯಾದರೂ ಬೇಗ ಒಣಗುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳ ಮಾರ್ಗಶಿರ, ಪುಷ್ಯದ ಬೆಳಗಿನ ಚಳಿಗೆ ಉಣ್ಣೆಯ ಶಾಲು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಅಂಗಡಿಯಲ್ಲಿ ಉಲ್ಲನ್ ಎಂದು ಕೇಳಿದರೆ ಕೊಡುವುದು ಬಹುಮಟ್ಟಿಗೆ ಅಕ್ರಿಲಿಕ್ಕೇ ಆಗಿರುವುದರಿಂದ, ನಿಜವಾದ ಉಣ್ಣೆ ಬೇಕಾದವರು ಲೇಬಲಿನಲ್ಲಿ ಶೇಕಡಾವಾರು ವಿವರವನ್ನು ಓದಬೇಕು. ಲೇಬಲಿಲ್ಲದ ಲಡಿಯಾದರೆ ಒಂದು ಗೇಣು ದಾರವನ್ನು ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು, ಸುಟ್ಟು ನೋಡಬಹುದು. ಹತ್ತಿ ಕಾಗದದ ವಾಸನೆಯೊಂದಿಗೆ ಉರಿದು ಮೃದುವಾದ ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಒತ್ತಿದರೆ ಪುಡಿಯಾಗುವ ಕರಿಯ ಗುಳ್ಳೆಯಾಗುತ್ತದೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕೆಂಪು, ಮರೂನ್, ಕಡುನೀಲಿ ದಾರಗಳನ್ನು ಬಿಳಿಯ ಜೊತೆ ಸೇರಿಸಿ ಹೆಣೆಯುವುದಿದ್ದರೆ, ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸುವುದನ್ನು ಮರೆಯಬಾರದು. ಹೊಳಪುಳ್ಳ ಹತ್ತಿ ದಾರದ ಮೇಲೆ ಮರ್ಸರೈಸ್ಡ್ ಎಂದು ಬರೆದಿರುತ್ತದೆ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಎಂಬವರು ಹತ್ತಿಯನ್ನು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಸಂಸ್ಕರಿಸುವ ಕ್ರಮವನ್ನು ಕಂಡುಕೊಂಡರು. ಈ ಸಂಸ್ಕಾರದಿಂದ ದಾರ ಗಟ್ಟಿಯಾಗಿ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಹಾಸು, ಲೇಸುಗಳಿಗೆ ನಾನು ಇದನ್ನೇ ಸೂಚಿಸುತ್ತೇನೆ. ಕ್ರೋಶಾದ ತೆಳುವಾದ ಹತ್ತಿ ದಾರಗಳಲ್ಲಿ ಸಂಖ್ಯೆ ಹೆಚ್ಚಾದಷ್ಟೂ ದಾರ ಸಣ್ಣದಾಗುತ್ತದೆ ಎಂಬುದು ನೆನಪಿರಲಿ. 10 ನಂಬರಿನದಕ್ಕಿಂತ 20 ನಂಬರಿನದು ತೆಳು, 40 ಇನ್ನೂ ತೆಳು. 20 ನಂಬರಿನ ದಾರಕ್ಕೆ 1.25 ಅಥವಾ 1.5 ಮಿ.ಮೀ. ಕಡ್ಡಿ ಸಾಮಾನ್ಯವಾಗಿ ಹೊಂದುತ್ತದೆ.

ಪ್ರಯಾಣದಲ್ಲಿ ಹೆಣೆಯಲು ಸಣ್ಣ ಚೌಕಗಳನ್ನೋ ಹೂಗಳನ್ನೋ ಆರಿಸಿಕೊಂಡು, ಅವುಗಳನ್ನು ಜೋಡಿಸುವ ಕೆಲಸವನ್ನು ಮನೆಗೆ ಬಿಡುವುದು ಉತ್ತಮ. ಕೊಂಕಣ ರೈಲಿನಲ್ಲಿ ಕೈಗೆ ನೆಮ್ಮದಿಯ ಬಿಡುವು ಸಿಗುತ್ತದೆ, ಆದರೆ ಸುರಂಗಗಳಲ್ಲಿ ಹಗಲು ಬೆಳಕು ಹೋಗುವುದರಿಂದ ಬೆರಳುಗಳಿಗೇ ಗೊತ್ತಿರುವ ಸರಳ ಸಾಲುಗಳು ಬೇಕು. ಹೊನ್ನಾವರದಲ್ಲಿ ಶರಾವತಿಯ ಮೇಲೆ 2 ಕಿ.ಮೀ. ಉದ್ದದ ಸೇತುವೆ ಬಂದಾಗ ಕಡ್ಡಿಯನ್ನು ಕೆಳಗಿಟ್ಟು ಹೊರಗೆ ನೋಡಬೇಕೆಂಬುದು ನನ್ನ ಪ್ರೀತಿಯ ಸಲಹೆ. ಕ್ರೋಶಾದ ಬದಲು ಎರಡು ಕಡ್ಡಿಗಳಲ್ಲಿ ಹೆಣೆಯುವವರು ಉದ್ದನೆಯ ನೇರ ಕಡ್ಡಿಗಳ ಬದಲು, ಬಾಗುವ ತಂತಿಯಿಂದ ಜೋಡಿಸಿದ ಗಿಡ್ಡ ಕಡ್ಡಿಗಳ ಸರ್ಕ್ಯುಲರ್ ಕಡ್ಡಿಯನ್ನು ಒಯ್ದರೆ ಪಕ್ಕದವರ ಮೊಣಕೈಗೆ ತಗಲುವುದಿಲ್ಲ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಮಾತ್ರ ಹೆಣೆಯಬಾರದು. ತಿರುವುಗಳಲ್ಲಿ ತಲೆ ತಗ್ಗಿಸಿ ಹೆಣಿಗೆಯ ಮನೆ, ಅಂದರೆ ಕುಣಿಕೆ, ಎಣಿಸಿದರೆ ಹೊಟ್ಟೆ ತೊಳಸುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಕುಳಿತು ಹೆಣೆಯುವ ಆಸೆಯನ್ನೂ ತಡೆಯಬೇಕು, ಏಕೆಂದರೆ ಮರಳು ಎಳೆಗಳ ನಡುವೆ ಸೇರಿಕೊಂಡು ದಾರವನ್ನು ಸವೆಸುತ್ತದೆ, ಉಪ್ಪುಗಾಳಿಗೆ ಸ್ಟೀಲ್ ಕಡ್ಡಿ ತುಕ್ಕು ಹಿಡಿಯುತ್ತದೆ. ಬಿಳಿ ದಾರದ ಮೇಲೆ ಬಿದ್ದ ತುಕ್ಕಿನ ಕಲೆ ಸುಲಭವಾಗಿ ಹೋಗುವುದಿಲ್ಲವಾದ್ದರಿಂದ, ಕಡ್ಡಿಯನ್ನು ಪ್ರತಿದಿನ ಒಣಬಟ್ಟೆಯಿಂದ ಒರೆಸಿ ಡಬ್ಬಿಯಲ್ಲಿಡಬೇಕು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಗೆ ಹೋಗುವವರು ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗಳನ್ನು ನೋಡದೆ ಬರಬಾರದು. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿನತ್ತ ಹೊಲಿಯುತ್ತ ಹೋಗುವ ಆ ಕ್ರಮದಲ್ಲಿ ಬಣ್ಣ ಜೋಡಿಸುವ ಧೈರ್ಯವನ್ನು ಕಲಿಯಬಹುದು. ಉಳಿದ ಚೂರುಪಾರು ದಾರಗಳಿಂದ ಹೊದಿಕೆ ಹೆಣೆಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಕೊಳ್ಳುವುದಾದರೆ ಹೊಲಿದವರಿಂದಲೇ ಕೊಳ್ಳಿ, ಚೌಕಾಶಿ ಮಾಡಬೇಡಿ. ಅದರ ಹಿಂದಿನ ದುಡಿಮೆ ಎಷ್ಟೆಂಬುದು ಸೂಜಿ ಹಿಡಿಯುವವರಿಗೆ ತಿಳಿಯದ್ದಲ್ಲ.

ವಿನ್ಯಾಸ ಓದುವ ವಿಷಯದಲ್ಲಿ ಒಂದೇ ಎಚ್ಚರಿಕೆ ಸಾಕು. ಅಮೆರಿಕದ ಬರಹಗಳಲ್ಲಿ ಸಿಂಗಲ್ ಕ್ರೋಶಾ ಎನ್ನುವ ಕುಣಿಕೆಯನ್ನು ಬ್ರಿಟನ್ನಿನ ಬರಹಗಳಲ್ಲಿ ಡಬಲ್ ಕ್ರೋಶಾ ಎನ್ನುತ್ತಾರೆ, ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್ ಆಗುತ್ತದೆ. ಬರಹದಲ್ಲಿ ಎಲ್ಲಿಯಾದರೂ ಸಿಂಗಲ್ ಕ್ರೋಶಾ ಎಂದಿದ್ದರೆ ಅದು ಅಮೆರಿಕದ ಕ್ರಮವೆಂದು ತಿಳಿದು ಮುಂದುವರಿಯಬಹುದು. ಈ ಗೊಂದಲ ಬೇಡವೆನ್ನುವವರು ಚಿತ್ರನಕ್ಷೆಯನ್ನು ಓದಲು ಕಲಿಯಲಿ: ಮೊಟ್ಟೆಯಾಕಾರ ಚೈನಿಗೆ, ಕೂಡಿಸುವ ಅಥವಾ ಗುಣಿಸುವ ಗುರುತು ಅಮೆರಿಕದ ಸಿಂಗಲ್ಲಿಗೆ, ಅಡ್ಡಗೀಟು ಹೊಡೆದ ಇಂಗ್ಲಿಷ್ ಟಿ ಅಕ್ಷರದಂತಹ ಗುರುತು ಅಮೆರಿಕದ ಡಬಲ್ಲಿಗೆ. ಹೆಣೆಯುತ್ತಲೇ ಕಾದಂಬರಿ ಓದುವ ಅಭ್ಯಾಸವುಳ್ಳವರು ನಕ್ಷೆಯ ಕೆಲಸವನ್ನು ಬದಿಗಿಟ್ಟು, ಎಣಿಕೆ ಬೇಡದ ಸಾದಾ ಸಾಲುಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಕು.

ತಂದ ದಾರವನ್ನೂ ಹೆಣೆದ ವಸ್ತುಗಳನ್ನೂ ಕಾಪಾಡುವುದು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಠಿಣವೇ. ಮಳೆ ಹಿಡಿಯುವ ಮೊದಲು ಎಲ್ಲವನ್ನೂ ಬಿಸಿಲಿಗೆ ಹಾಕಿ, ಬಿಸಿ ಆರಿದ ಮೇಲೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು; ಉಣ್ಣೆಯಿದ್ದರೆ ನುಸಿಗುಳಿಗೆ ಅಥವಾ ಒಣಗಿದ ಬೇವಿನೆಲೆ ಸೇರಿಸಬೇಕು. ಒದ್ದೆಯಾದ ಹತ್ತಿ ಹೆಣಿಗೆಯನ್ನು ಹಗ್ಗಕ್ಕೆ ತೂಗುಹಾಕಿದರೆ ತನ್ನ ಭಾರಕ್ಕೇ ಜಗ್ಗಿ ಉದ್ದವಾಗುವುದರಿಂದ, ಟವೆಲಿನ ಮೇಲೆ ಹರಡಿ ಒಣಗಿಸಬೇಕು. ಗಂಜಿ ಹಾಕಿ ಗರಿಯಾಗಿಸಿದ ಹಾಸುಗಳನ್ನು ಹಾಗೆಯೇ ಮಡಚಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಜಿರಲೆಯೂ ತಿನ್ನುತ್ತದೆ. ಆದ್ದರಿಂದ ಮೇ ತಿಂಗಳಲ್ಲಿಯೇ ಗಂಜಿಯನ್ನು ಸಂಪೂರ್ಣ ತೊಳೆದು ಒಣಗಿಸಿಟ್ಟು, ನವರಾತ್ರಿಯ ಹೊತ್ತಿಗೆ ಮಳೆ ಕಡಿಮೆಯಾದ ಮೇಲೆ, ಅಕ್ಕಿಯ ತಿಳಿಗಂಜಿಯನ್ನು ಬಟ್ಟೆಯಲ್ಲಿ ಸೋಸಿಕೊಂಡು ಮತ್ತೆ ಹಾಕಬೇಕು.